ಅಂಗೈಯಲ್ಲಿ ನಿಲ್ಲದ ಬಣ್ಣದ ಪೆಟ್ಟಿಗೆ

ಕಳೆದ ವಾರ ನನ್ನ ಅಣ್ಣನ ಮಗ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಅವನ ಮಗಳಿಗೆ ಈಚೆಗೆ ಬಯಲಲ್ಲಿ ಕುಳಿತು ಜಲವರ್ಣ ಚಿತ್ರ ಬರೆಯುವ ಹುಚ್ಚು ಹಿಡಿದಿದೆಯಂತೆ. "ಚಿಕ್ಕಪ್ಪ, 48 ಬಣ್ಣದ ಮರದ ಪೆಟ್ಟಿಗೆಯೊಂದನ್ನು ನೋಡಿದ್ದೇನೆ. ಕಾಲು ಬಿಚ್ಚಿ ನಿಲ್ಲಿಸಬಹುದು, ಡ್ರಾಯರೂ ಇದೆ. ಕೊಡಿಸಲೇ?" ಎಂದು ಕೇಳಿದ. ಬೇಡವೆಂದೆ. ಮುದುಕನ ಜಿಪುಣತನವೆಂದು ಭಾವಿಸಿ ನಕ್ಕ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಿಗಳಾಗಿರುವುದರಿಂದ, ಅವನಿಗೆ ಹೇಳಬೇಕಾದುದನ್ನು ಇಲ್ಲಿ ಎಲ್ಲರಿಗೂ ಸೇರಿಸಿ ಹೇಳುತ್ತಿದ್ದೇನೆ.

ಕಾಲುಳ್ಳ ಆ ಮರದ ಪೆಟ್ಟಿಗೆ ಮೂಲತಃ ತೈಲವರ್ಣದವರದು. ತೈಲಚಿತ್ರ ಒಣಗಲು ದಿನಗಳೇ ಬೇಕು. ಹಸಿ ಕ್ಯಾನ್ವಾಸು, ಟ್ಯೂಬು, ಎಣ್ಣೆಯ ಸೀಸೆಗಳನ್ನು ಹೊತ್ತು ತಿರುಗುವವರಿಗೆ ಅದು ಉಪಯುಕ್ತ. ನಮ್ಮ ಬಿಸಿಲಿನಲ್ಲಿ ಜಲವರ್ಣವಾದರೋ ನಿಮಿಷಗಳಲ್ಲಿ ಒಣಗುತ್ತದೆ; ಕಾಗದವನ್ನು ತೊಡೆಯ ಮೇಲೆ ತುಸು ಓರೆಯಾಗಿ ಇಟ್ಟುಕೊಂಡರೆ ಸಾಕು. ಹೀಗಿರುವಾಗ ಹದಿಮೂರು ವರ್ಷದ ಹುಡುಗಿ ಆ ಭಾರವನ್ನೇಕೆ ಹೊರಬೇಕು?

ಇನ್ನು 48ರ ಮಾತು. ಪೆಟ್ಟಿಗೆಯನ್ನು ಬಣ್ಣಗಳ ಎಣಿಕೆಯಿಂದ ಅಳೆಯುವುದು ಅಂಗಡಿಯವನ ಲೆಕ್ಕ. ಬರೆಯುವವನು ನೋಡಬೇಕಾದುದು ಮುಚ್ಚಳದೊಳಗಿನ ಖಾಲಿ ಬಿಳಿ ಜಾಗವನ್ನು. ಬಣ್ಣ ಬೆರೆಯುವುದು ಅಲ್ಲಿಯೇ. ಜಲವರ್ಣ ಪಾರದರ್ಶಕವಾದುದರಿಂದ, ಬಿಳಿಯ ಮೇಲೆ ಬೆರೆಸಿದರೆ ಮಾತ್ರ ಕಾಗದದ ಮೇಲೆ ಅದು ಹೇಗೆ ಕಂಡೀತೆಂಬುದು ತಿಳಿಯುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಸಿದ್ಧ ಹಸಿರುಗಳು ಸಾಲಾಗಿ ಕುಳಿತಿರುತ್ತವೆ. ಅವುಗಳಲ್ಲಿ ಒಂದೂ ನಮ್ಮ ಅಡಕೆ ತೋಟದ ಹಸಿರಲ್ಲ, ಸಸಿಮಡಿಯ ಹಸಿರೂ ಅಲ್ಲ. ಅವೆರಡನ್ನೂ ನೀಲಿ, ಹಳದಿಗಳಿಂದ ನಾವೇ ಮಾಡಿಕೊಳ್ಳಬೇಕು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ನೋಡಿ: ಮಳೆಮೋಡ, ನೆನೆದ ಮರದ ತೊಗಟೆ, ಹಳೆಯ ಹೆಂಚು ಎಲ್ಲವೂ ಅದರೊಳಗಿವೆ. ಕಪ್ಪು ಬಣ್ಣವೇ ಬೇಕಿಲ್ಲ. ಬಿಳಿಯಂತೂ ಕಾಗದದಲ್ಲೇ ಇದೆ. ಕೆ. ವೆಂಕಟಪ್ಪನವರು (1886–1965) ಉದಕಮಂಡಲ, ಕೊಡೈಕನಾಲುಗಳಲ್ಲಿ ಬರೆದ ಜಲವರ್ಣಗಳ ಬೆಟ್ಟ ಮುಗಿಲುಗಳ ಬಣ್ಣ ಯಾವ ಅಂಗಡಿಯಲ್ಲೂ ಬಿಲ್ಲೆಯಾಗಿ ಸಿಗುವಂಥದಲ್ಲ.

ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಚಿತ್ರಕಲೆಯ ತರಗತಿಗೆ ಪ್ರತಿಯೊಬ್ಬರೂ ಹನ್ನೆರಡು ಬಣ್ಣದ ಪೆಟ್ಟಿಗೆ ತರಲೇಬೇಕೆಂದು ನಾನು ವಿಧಿಸಿದ್ದ ಕಟ್ಟಳೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಒಂದು ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪೌಡರ್ ಡಬ್ಬಿಯ ಮುಚ್ಚಳದಲ್ಲಿ, ಅಕ್ಕ ಬಳಸಿ ಬಿಟ್ಟ ಮೂರು ಬಿಲ್ಲೆಗಳನ್ನು ತಂದಿದ್ದಳು: ನೀಲಿ, ಹಳದಿ, ಕೆಂಪು. ಪೆಟ್ಟಿಗೆಯಿಲ್ಲದವರು ನೋಡುತ್ತ ಕೂರಲಿ ಎಂದೆ. ಅವಳು ಇಡೀ ಅವಧಿ ಪಕ್ಕದವಳ ಕಾಗದ ನೋಡುತ್ತ ಕುಳಿತಳು. ಮರುವಾರ ಆ ಮುಚ್ಚಳವನ್ನೂ ತರಲಿಲ್ಲ. ನಿವೃತ್ತನಾದ ಮೇಲೆ ನಾನೇ ಹೊಳೆಯ ದಡದಲ್ಲಿ ಕುಳಿತು ಬರೆಯತೊಡಗಿದೆ. ವರ್ಷ ಕಳೆದರೂ ನನ್ನ ಹನ್ನೆರಡರಲ್ಲಿ ಆರು ಬಿಲ್ಲೆಗಳನ್ನು ಮುಟ್ಟಿಯೇ ಇರಲಿಲ್ಲ. ಆಗ ಅವಳ ನೆನಪಾಯಿತು. ಅವಳು ತಂದದ್ದು ಸಾಕಾಗಿತ್ತು. ಈ ಬರಹ ಅವಳ ಕಣ್ಣಿಗೆ ಬಿದ್ದರೆ, ತಪ್ಪು ನನ್ನದೆಂದು ತಿಳಿಯಲಿ.

"ಒಳ್ಳೆಯ ಸಲಕರಣೆ ಮಕ್ಕಳಿಗೆ ಹುರುಪು ಕೊಡುವುದಿಲ್ಲವೇ?" ಎಂದು ನೀವು ಕೇಳಬಹುದು. ಕೊಡುತ್ತದೆ, ಕೊಂಡ ದಿನ. ಹೊತ್ತುಕೊಂಡು ಹೊರಡಬೇಕಾದ ದಿನ ಅದೇ ಪೆಟ್ಟಿಗೆ ಅಟ್ಟ ಸೇರುತ್ತದೆ. ದುಬಾರಿಯದು ಬೇಡವೆಂದು ನಾನು ಹೇಳುತ್ತಿಲ್ಲ. ಸುಣ್ಣದಂಥ 48 ಬಣ್ಣಗಳ ಹಣದಲ್ಲಿ ಆರು ಉತ್ತಮ ಟ್ಯೂಬುಗಳನ್ನು ಕೊಳ್ಳಿ ಎನ್ನುತ್ತಿದ್ದೇನೆ.

ಹನ್ನೆರಡು ಸಣ್ಣ ಬಿಲ್ಲೆ ಹಿಡಿಯುವ, ಒಳಗೆ ಬಿಳಿ ಎನಾಮಲ್ ಬಳಿದ ತಗಡಿನ ಖಾಲಿ ಡಬ್ಬಿ ಸಾಕು. ತಳದಲ್ಲಿ ಬೆರಳು ತೂರಿಸುವ ಉಂಗುರವಿರಲಿ. ಅಂಗಡಿಯಲ್ಲೇ ಅದನ್ನು ತೆರೆದು, ಎಡಗೈಯಲ್ಲಿ ಹಿಡಿದು ಐದು ನಿಮಿಷ ನಿಂತು ನೋಡಿ. ಕೈ ಸೋತರೆ ಬಿಟ್ಟು ಬನ್ನಿ. ಟ್ಯೂಬಿನ ಬಣ್ಣವನ್ನು ಗುಳಿಗಳಿಗೆ ತುಂಬಿ ಒಣಗಿಸಿಕೊಳ್ಳಿ. ಮಲೆನಾಡಿನವರಿಗೆ ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಒದ್ದೆ ಡಬ್ಬಿಯನ್ನು ಮುಚ್ಚಿಟ್ಟರೆ ಬಣ್ಣಕ್ಕೆ ಬೂಸಲು ಹಿಡಿಯುತ್ತದೆ, ಮನೆಗೆ ಬಂದೊಡನೆ ತೆರೆದಿಡಿ.

ಮೊಮ್ಮಗಳಿಗೆ ಅಂಥದೊಂದು ಡಬ್ಬಿಯನ್ನೂ ಆರು ಟ್ಯೂಬುಗಳನ್ನೂ ನಿನ್ನೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಮಗು, ಉಳಿದ ಹಣದಲ್ಲಿ ಅವಳಿಗೆ 300 ಗ್ರಾಮಿನ ಹತ್ತಿಯ ಕಾಗದ ಕೊಡಿಸು. ಭಾನುವಾರ ಬೆಳಿಗ್ಗೆ ಅವಳೊಡನೆ ಹೋಗಿ ಪಕ್ಕದಲ್ಲಿ ಸುಮ್ಮನೆ ಕುಳಿತುಕೋ.