ಕಣ್ಣಿಲ್ಲದ ಕೊಕ್ಕೆಗಾಗಿ ಹುಡುಕಾಟ

ಹಿಂದಿನ ತಲೆಮಾರಿನಲ್ಲಿ ಗಣಿತ ಓದಿದವರನ್ನು ಕೇಳಿ ನೋಡಿ. ‘ಹಾಲ್ ಅಂಡ್ ನೈಟ್’ ಎಂದೊಡನೆ ಅವರ ಮುಖ ಅರಳುತ್ತದೆ, ಇಲ್ಲವೇ ಬಾಡುತ್ತದೆ. 1887ರಲ್ಲಿ ಮೊದಲು ಅಚ್ಚಾದ ‘ಹೈಯರ್ ಆಲ್ಜಿಬ್ರಾ’ ಭಾರತದ ಕಾಲೇಜುಗಳಲ್ಲಿ ಹಲವು ತಲೆಮಾರುಗಳ ವಿದ್ಯಾರ್ಥಿಗಳ ನಿದ್ದೆಗೆಡಿಸಿದ ಪುಸ್ತಕ. ಇಂದಿಗೂ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳ ಮೇಜಿನ ಮೇಲೆ ಅದು ಕಾಣಸಿಗುತ್ತದೆ. ಅದರ ಇಬ್ಬರು ಲೇಖಕರಲ್ಲಿ ಮೊದಲನೆಯವರಾದ ಹೆನ್ರಿ ಸಿಂಕ್ಲೇರ್ ಹಾಲ್ (1848–1934) ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕ್ಲಿಫ್ಟನ್ ಕಾಲೇಜು ಎಂಬ ಶಾಲೆಯಲ್ಲಿ ಗಣಿತದ ಮೇಷ್ಟರಾಗಿದ್ದರು.

ಈ ಮೇಷ್ಟರಿಗೆ ಇನ್ನೊಂದು ಹುಚ್ಚಿತ್ತು. ಅದು ಗಾಳ ಹಾಕಿ ಮೀನು ಹಿಡಿಯುವುದು. 1879ರ ಹೊತ್ತಿಗೆ ಅವರು ಗೆಳೆಯರೊಬ್ಬರೊಡನೆ ಸೇರಿ, ಗಾಳದ ಸಣ್ಣ ಕೊಕ್ಕೆಗೆ ಸೂಜಿಗಿರುವಂತೆ ಒಪ್ಪವಾದ ಒಂದು ಕಣ್ಣು ಮಾಡಿಸಿದರು. ಅದಕ್ಕೆ ಮೊದಲೂ ಕಣ್ಣುಳ್ಳ ಕೊಕ್ಕೆಗಳು ಇದ್ದವು. ಆದರೆ ಅವು ಒರಟಾಗಿದ್ದವು, ಭಾರವಾಗಿದ್ದವು. ಹಾಲ್ ಅವರ ಕೊಕ್ಕೆ ಹಗುರವಾಗಿತ್ತು, ಗಟ್ಟಿಯಾಗಿತ್ತು. ಮುಂದಿನ ಕೆಲವು ದಶಕಗಳಲ್ಲಿ ಕಣ್ಣಿಲ್ಲದ ಹಳೆಯ ಕೊಕ್ಕೆಗಳು ಮೆಲ್ಲಮೆಲ್ಲನೆ ಅಂಗಡಿಗಳಿಂದ ಮರೆಯಾದವು.

ಸ್ವಾರಸ್ಯವೆಂದರೆ, ಹೀಗೆ ಮರೆಯಾದ ಕೊಕ್ಕೆಗಳನ್ನೇ ಇಂದು ಜಗತ್ತಿನ ಹಲವೆಡೆ ಜನ ಹುಡುಕುತ್ತಿದ್ದಾರೆ. ಹಳೆಯ ಡಬ್ಬಿಗಳಲ್ಲಿ, ಹರಾಜುಗಳಲ್ಲಿ, ತೀರಿಹೋದ ಹಿರಿಯರ ಮೇಜಿನ ಖಾನೆಗಳಲ್ಲಿ ಹುಡುಕುತ್ತಾರೆ. ಸಿಕ್ಕದಿದ್ದಾಗ ತಾವೇ ಮಾಡಿಕೊಳ್ಳಲು ಹೊರಡುತ್ತಾರೆ. ಆಗಲೇ ಅವರಿಗೆ ತಿಳಿಯುವುದು, ಒಂದಂಗುಲದ ತಂತಿಯಲ್ಲಿ ಎಷ್ಟು ವಿಜ್ಞಾನ ಅಡಗಿದೆ ಎಂದು.

ಗರಿಯ ನೊಣ, ರೇಷ್ಮೆಯ ಕುಣಿಕೆ

ಎರೆಹುಳು ಚುಚ್ಚಿ ಗಾಳ ಹಾಕುವುದು ಎಲ್ಲರಿಗೂ ಗೊತ್ತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಇನ್ನೊಂದು ಪದ್ಧತಿಯಿದೆ. ಕೊಕ್ಕೆಯ ಮೇಲೆ ಹಕ್ಕಿಯ ಗರಿ, ಪ್ರಾಣಿಯ ಕೂದಲು, ರೇಷ್ಮೆ ದಾರ, ಜರಿ ಇವುಗಳನ್ನು ಸುತ್ತಿ ನೊಣದಂತೆ ಕಾಣುವ ಕೃತಕ ಹುಳು ಕಟ್ಟುತ್ತಾರೆ. ಇದಕ್ಕೆ ‘ಫ್ಲೈ’ ಎಂದೇ ಹೆಸರು. ಟ್ರೌಟ್ ಮೀನಿಗೆ ಕಟ್ಟುವ ಫ್ಲೈ ನಿಜವಾದ ನೊಣದಷ್ಟೇ ಸಣ್ಣದು. ಸಾಲ್ಮನ್ ಮೀನಿಗೆ ಕಟ್ಟುವುದು ದೊಡ್ಡದು, ಬಣ್ಣಬಣ್ಣದ್ದು. ಅದು ಯಾವ ಹುಳುವನ್ನೂ ಹೋಲುವುದಿಲ್ಲ. ಪುಟ್ಟ ಒಡವೆಯಂತೆ ಕಾಣುತ್ತದೆ. 1895ರಲ್ಲಿ ಜಾರ್ಜ್ ಕೆಲ್ಸನ್ ಬರೆದ ‘ದಿ ಸಾಲ್ಮನ್ ಫ್ಲೈ’ ಎಂಬ ಪುಸ್ತಕದಲ್ಲಿ ಇಂಥ ಸುಮಾರು 300 ಮಾದರಿಗಳ ವಿವರಗಳಿವೆ.

ಆ ಕಾಲದ ಸಾಲ್ಮನ್ ಕೊಕ್ಕೆಗೆ ಕಣ್ಣಿರಲಿಲ್ಲ. ಅದರ ದಂಟು ತುದಿಯತ್ತ ಸಣ್ಣಗಾಗುತ್ತ ಹೋಗಿ ಸುಮ್ಮನೆ ಮುಗಿಯುತ್ತಿತ್ತು. ಇದನ್ನು ‘ಕುರುಡು ಕೊಕ್ಕೆ’ ಎಂದು ಕರೆಯುತ್ತಾರೆ. ಹಾಗಾದರೆ ದಾರವನ್ನು ಕಟ್ಟುವುದೆಲ್ಲಿಗೆ? ‘ಗಟ್’ ಎಂಬ ಎಳೆಯ ತುಂಡನ್ನು ಕುಣಿಕೆಯಂತೆ ಮಡಚಿ, ದಂಟಿಗೆ ಒತ್ತಿ ಹಿಡಿದು, ರೇಷ್ಮೆ ದಾರದಿಂದ ಬಿಗಿಯಾಗಿ ಸುತ್ತುತ್ತಿದ್ದರು. ಆ ಕುಣಿಕೆಯೇ ಕೊಕ್ಕೆಯ ಕಣ್ಣು.

ಗಟ್ ಎಂದರೆ ಕರುಳು ಎಂಬ ಅರ್ಥ ಬಂದರೂ ಅದು ಕರುಳಲ್ಲ. ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುವನ್ನು ವಿನಿಗರ್‌ನಲ್ಲಿ ನೆನೆಹಾಕಿ, ಅದರ ಒಡಲಿನ ಎರಡು ರೇಷ್ಮೆ ಗ್ರಂಥಿಗಳನ್ನು ಹೊರತೆಗೆದು, ಎಳೆದು ಒಣಗಿಸಿದರೆ ಸಿಗುವ ಗಟ್ಟಿ ಎಳೆ ಅದು. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತ ಈ ಉದ್ಯಮಕ್ಕೆ ಹೆಸರಾಗಿತ್ತು. ರಾಮನಗರದ ಮಾರುಕಟ್ಟೆಗೆ ಗೂಡು ಕೊಡುವ ಹುಳುವೂ ಇದೇ ಜಾತಿಯದು. ಗೂಡಿನಲ್ಲಿ ನೂರಾರು ಮೀಟರ್ ಉದ್ದದ ನವಿರಾದ ನೂಲು ಸಿಕ್ಕರೆ, ಗ್ರಂಥಿಯಿಂದ ಗೇಣಳತೆಯ ದಪ್ಪನೆಯ ಎಳೆ ಸಿಗುತ್ತದೆ.

ಗಟ್‌ಗೆ ಒಂದು ದೋಷವಿತ್ತು. ಒಣಗಿದರೆ ಅದು ಪೆಡಸಾಗಿ ಮುರಿಯುತ್ತದೆ. ಆದ್ದರಿಂದ ನೀರಿಗಿಳಿಸುವ ಮುನ್ನ ನೆನೆಸಬೇಕು. ಟ್ರೌಟ್ ಫ್ಲೈಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅವುಗಳಲ್ಲಿ ಗಟ್ ಎಳೆಯನ್ನೇ ಕೊಕ್ಕೆಗೆ ಶಾಶ್ವತವಾಗಿ ಕಟ್ಟಿಬಿಡುತ್ತಿದ್ದರು. ಕೊಕ್ಕೆಯ ಬುಡದಲ್ಲಿ ಎಳೆ ಸವೆದರೆ, ಗಂಟೆಗಟ್ಟಲೆ ಕೂತು ಕಟ್ಟಿದ ಫ್ಲೈ ಪೂರ್ತಿ ದಂಡ. ಗಣಿತದ ಮೇಷ್ಟರು ನೋಡಿದ್ದು ಇದನ್ನೇ. ಕೊಕ್ಕೆಗೇ ಕಣ್ಣಿದ್ದರೆ ಸವೆದ ಎಳೆಯನ್ನು ಕತ್ತರಿಸಿ ಮತ್ತೆ ಗಂಟು ಹಾಕಬಹುದು. ಫ್ಲೈ ಉಳಿಯುತ್ತದೆ. ಎಷ್ಟು ಸರಳ ಪರಿಹಾರ ನೋಡಿ! 1938ರಲ್ಲಿ ನೈಲಾನ್ ಪ್ರಕಟವಾಗಿ, ಎರಡನೆಯ ಮಹಾಯುದ್ಧದ ನಂತರ ಅದರ ದಾರ ಎಲ್ಲೆಡೆ ಬಂದ ಮೇಲೆ ಗಟ್ ಕೂಡ ಮೂಲೆ ಸೇರಿತು.

ಮತ್ತೇಕೆ ಹುಡುಕಬೇಕು?

ಹಳೆಯ ಸಾಲ್ಮನ್ ಫ್ಲೈಗಳನ್ನು ಹಳೆಯ ಕ್ರಮದಲ್ಲೇ ಕಟ್ಟುವುದು ಈಗೊಂದು ಕಲೆಯಾಗಿ ಬೆಳೆದಿದೆ. ಹೀಗೆ ಕಟ್ಟಿದ ಫ್ಲೈಗಳಲ್ಲಿ ಹೆಚ್ಚಿನವು ನೀರನ್ನೇ ಕಾಣುವುದಿಲ್ಲ. ಗಾಜಿನ ಚೌಕಟ್ಟಿನೊಳಗೆ ಗೋಡೆ ಸೇರುತ್ತವೆ. ಕೆಲ್ಸನ್ ಕಾಲದ ಮಾದರಿಯನ್ನು ಇಂದಿನ ಕಣ್ಣುಳ್ಳ ಕೊಕ್ಕೆಯ ಮೇಲೆ ಕಟ್ಟಿದರೆ, ಹಳೆಯ ದೇವಸ್ಥಾನಕ್ಕೆ ಅಲ್ಯೂಮಿನಿಯಂ ಬಾಗಿಲು ಇಟ್ಟಂತೆ ಕಾಣುತ್ತದೆ. ನೋಟದ ಮಾತು ಒಂದಾದರೆ, ಅಳತೆಯ ಮಾತು ಇನ್ನೊಂದು. ಆ ಮಾದರಿಗಳ ರೆಕ್ಕೆಯ ಉದ್ದ, ಮೈಯ ಪ್ರಮಾಣ ಎಲ್ಲವೂ ಹಳೆಯ ಕೊಕ್ಕೆಯ ಬಾಗಿಗೆ ಹೊಂದುವಂತೆ ಗೊತ್ತುಮಾಡಿದವು. ಕೊಕ್ಕೆ ಬದಲಾದರೆ ಪ್ರಮಾಣ ತಪ್ಪುತ್ತದೆ.

ಬಾಗುಗಳಲ್ಲೂ ಹಲವು ಬಗೆ. ಐರ್ಲೆಂಡಿನ ಊರೊಂದರ ಹೆಸರು ಹೊತ್ತ ಲಿಮರಿಕ್ ಬಾಗು ಮೊನೆಯ ಕಡೆಗೆ ಚುರುಕಾಗಿ ತಿರುಗುತ್ತದೆ. 17ನೆಯ ಶತಮಾನದ ಲಂಡನ್ ಕುಶಲಕರ್ಮಿ ಚಾರ್ಲ್ಸ್ ಕರ್ಬಿ ಹೆಸರಿನ ಕೊಕ್ಕೆಯಲ್ಲಿ ಮೊನೆ ಪಕ್ಕಕ್ಕೆ ತುಸು ವಾಲಿರುತ್ತದೆ.

ಇಂಥ ಕೊಕ್ಕೆಗಳ ತವರು ಇಂಗ್ಲೆಂಡಿನ ರೆಡಿಚ್ ಪಟ್ಟಣ. ಅದು ಮೂಲತಃ ಸೂಜಿಯ ಊರು. 19ನೆಯ ಶತಮಾನದಲ್ಲಿ ಜಗತ್ತಿನ ಬಹುಪಾಲು ಸೂಜಿಗಳು ಅಲ್ಲಿಂದಲೇ ಬರುತ್ತಿದ್ದವು. ಸೂಜಿ ಮಾಡುವ ತಂತಿ, ಉಳಿ, ಕುಲುಮೆಗಳೇ ಕೊಕ್ಕೆಗೂ ಒದಗಿದವು. ಅಲ್ಲಿ ಸೂಜಿಯ ಮೊನೆ ಮಸೆಯುತ್ತಿದ್ದ ಕೂಲಿಗಳು ಕಲ್ಲಿನ ಮತ್ತು ಉಕ್ಕಿನ ಧೂಳು ಕುಡಿದು ಶ್ವಾಸಕೋಶದ ರೋಗದಿಂದ ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದರು. ಹಳೆಯದೆಲ್ಲ ಒಳ್ಳೆಯದೇ ಆಗಿತ್ತೆಂದು ಹೇಳುವವರು ಇದನ್ನೂ ನೆನೆಯಬೇಕು. ಅತ್ತ ನಾರ್ವೆಯಲ್ಲಿ 1877ರಲ್ಲಿ ಮುಸ್ತಾದ್ ಕಂಪನಿಯ ಕಾರ್ಖಾನೆಗಾಗಿ ಕೊಕ್ಕೆ ಮಾಡುವ ಯಂತ್ರವೊಂದು ಸಿದ್ಧವಾಯಿತು. ಯಂತ್ರದ ಮುಂದೆ ಕೈಕೆಲಸ ಬಹಳ ಕಾಲ ನಿಲ್ಲಲಿಲ್ಲ. ರೆಡಿಚ್‌ನ ಹಳೆಯ ಸೂಜಿ ಗಿರಣಿಯೊಂದು ಇಂದು ವಸ್ತುಸಂಗ್ರಹಾಲಯವಾಗಿದೆ.

ನಂಬರ್ ನಂಬಿ ಕೆಟ್ಟವರು

ಹುಡುಕುವವರು ಮೊದಲು ಎಡವುವುದು ಅಂಕಿಯಲ್ಲಿ. ಕೊಕ್ಕೆಯ ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು! 12 ನಂಬರಿನದು 10 ನಂಬರಿನದಕ್ಕಿಂತ ಚಿಕ್ಕದು. ಹೀಗೆ ಇಳಿಯುತ್ತ 1 ಮುಟ್ಟಿದ ಮೇಲೆ ಲೆಕ್ಕ ತಿರುಗುತ್ತದೆ. ಅಲ್ಲಿಂದಾಚೆಗೆ 1/0, 2/0, 3/0 ಎಂದು ಅಂಕಿ ಏರಿದಂತೆ ಕೊಕ್ಕೆಯೂ ದೊಡ್ಡದಾಗುತ್ತದೆ. ಸಾಲದ್ದಕ್ಕೆ ರೆಡಿಚ್ ಊರಿನ ಅಂಕಿಯೇ ಬೇರೆ, ಕೆಂಡಲ್ ಊರಿನ ಅಂಕಿಯೇ ಬೇರೆ. ಆದ್ದರಿಂದ ಅನುಭವಿಗಳು ನಂಬರನ್ನು ನೆಚ್ಚದೆ ಅಳತೆಪಟ್ಟಿ ಹಿಡಿದು ದಂಟಿನ ಉದ್ದವನ್ನೂ ಬಾಯಿಯ ಅಗಲವನ್ನೂ ಮಿಲಿಮೀಟರಿನಲ್ಲಿ ಕೇಳುತ್ತಾರೆ. ಮಾನಕ ಅಳತೆ ಏಕೆ ಬೇಕು ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎರಡನೆಯದು ತುಕ್ಕು. ಹಳೆಯ ಕೊಕ್ಕೆಗಳಿಗೆ ಕಪ್ಪು ವಾರ್ನಿಷ್ ಬಳಿದು ಕಾವಿನಲ್ಲಿ ಒಣಗಿಸುತ್ತಿದ್ದರು. ಮೇಲ್ಮೈ ಹೊಳೆಯುತ್ತಿದ್ದರೂ ಒಳಗೆ ತುಕ್ಕು ಗುಳಿ ಕೊರೆದಿರಬಹುದು. ಭೂತಗಾಜಿನಲ್ಲಿ ನೋಡಿದರೆ ಸಣ್ಣ ಗುಳ್ಳೆಗಳು ಕಾಣುತ್ತವೆ. ಅಂಥದ್ದನ್ನು ಬಿಡುವುದೇ ಲೇಸು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹದ. ಕೊಕ್ಕೆಯನ್ನು ಇಕ್ಕಳದಲ್ಲಿ ಕಚ್ಚಿಸಿ ದಂಟನ್ನು ಬೆರಳಿನಿಂದ ಮೀಟಿದರೆ ಹದವಾದದ್ದು ‘ಟಿಣ್’ ಎಂದು ಮಿಡಿಯುತ್ತದೆ. ಹದ ಕಡಿಮೆಯಾದದ್ದು ಬಾಗಿ ಹಾಗೇ ಉಳಿಯುತ್ತದೆ. ಹದ ಮೀರಿದ್ದು ಮುರಿಯುತ್ತದೆ. ಮೀಟುವಾಗ ಕಣ್ಣಿಗೆ ಕನ್ನಡಕವಿರಬೇಕು.

ಬೆಂಕಿ ಮತ್ತು ನೀರಿನ ಪಾಠ

ಹದ ಎಂದರೇನು? ಉತ್ತರ 1496ರ ಪುಸ್ತಕವೊಂದರಲ್ಲಿದೆ. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಮಹಿಳೆ ಬರೆದರೆಂದು ಹೇಳಲಾಗುವ, ಇಂಗ್ಲಿಷ್‌ನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಪ್ರಬಂಧವದು. ಅದರಲ್ಲಿ ಸೂಜಿಯಿಂದ ಕೊಕ್ಕೆ ಮಾಡುವ ಕ್ರಮವಿದೆ. ಸೂಜಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ತಣ್ಣಗಾಗಲು ಬಿಡಬೇಕು. ಚಾಕುವಿನಿಂದ ಮುಳ್ಳು ಎಬ್ಬಿಸಬೇಕು. ಬಾಗಿಸುವ ಮುನ್ನ ಮತ್ತೊಮ್ಮೆ ಕಾಯಿಸಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಬಾಗಿಸಿದ ಮೇಲೆ ಕಡೆಯ ಸಲ ಕೆಂಪಗೆ ಕಾಯಿಸಿ ಥಟ್ಟನೆ ನೀರಿಗೆ ಹಾಕಬೇಕು.

ಸೂಜಿಯ ಉಕ್ಕು ಎಂದರೆ ಕಬ್ಬಿಣದ ಜೊತೆ ಸುಮಾರು ಶೇಕಡಾ ಒಂದರಷ್ಟು ಇಂಗಾಲ. ಕೆಂಪಗೆ ಕಾದಾಗ ಇಂಗಾಲದ ಪರಮಾಣುಗಳು ಕಬ್ಬಿಣದ ಪರಮಾಣುಗಳ ನಡುವೆ ಕರಗಿಕೊಳ್ಳುತ್ತವೆ. ನಿಧಾನವಾಗಿ ತಣಿದರೆ ಅವು ಸಾವಕಾಶವಾಗಿ ಬೇರೆಯಾಗುತ್ತವೆ, ಉಕ್ಕು ಮೆತ್ತಗಾಗುತ್ತದೆ. ಥಟ್ಟನೆ ತಣಿಸಿದರೆ ಬೇರೆಯಾಗಲು ಅವಕ್ಕೆ ವೇಳೆಯೇ ಸಿಗುವುದಿಲ್ಲ. ಇದ್ದಲ್ಲೇ ಸಿಕ್ಕಿಬಿದ್ದು ಹರಳುಗಳನ್ನು ಸೆಟೆದು ನಿಲ್ಲಿಸುತ್ತವೆ. ಆಗ ಉಕ್ಕು ಗಡುಸು, ಆದರೆ ಗಾಜಿನಂತೆ ಬಿರುಸು. ಅದನ್ನು ಮತ್ತೆ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಮೆಲ್ಲಗೆ ಕಾಯಿಸಿದರೆ ಸೆಟೆತ ತುಸು ಸಡಿಲಗೊಂಡು ಸ್ಪ್ರಿಂಗ್ ಗುಣ ಬರುತ್ತದೆ. ಹಿಂದಿನ ಕಮ್ಮಾರರಿಗೆ ಉಷ್ಣಮಾಪಕ ಬೇಕಿರಲಿಲ್ಲ. ಉಜ್ಜಿ ಹೊಳೆಯಿಸಿದ ಉಕ್ಕು ಕಾದಂತೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣವೇ ಅವರಿಗೆ ಮಾಪಕ.

ಮನೆಯಲ್ಲಿ ಹಿರಿಯರು ಜೊತೆಗಿದ್ದರೆ ಇದನ್ನು ನೀವೂ ಮಾಡಿ ನೋಡಬಹುದು. ಎರಡು ಹಳೆಯ ಹೊಲಿಗೆ ಸೂಜಿಗಳನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ. ಒಂದನ್ನು ಉರಿಯಿಂದ ಸ್ವಲ್ಪಸ್ವಲ್ಪವೇ ಮೇಲೆತ್ತಿ ನಿಧಾನವಾಗಿ ಆರಿಸಿ. ಇನ್ನೊಂದನ್ನು ತಕ್ಷಣ ನೀರಿಗೆ ಅದ್ದಿ. ಪೂರ್ತಿ ಆರಿದ ಮೇಲೆ ಎರಡನ್ನೂ ಬಟ್ಟೆಯಲ್ಲಿ ಸುತ್ತಿ, ಎರಡು ಇಕ್ಕಳಗಳಿಂದ ಹಿಡಿದು ಬಾಗಿಸಿ. ಮೊದಲನೆಯದು ತಂತಿಯಂತೆ ಬಾಗುತ್ತದೆ. ಎರಡನೆಯದು ಚಟ್ಟನೆ ಮುರಿಯುತ್ತದೆ. ಸೂಜಿ ಒಂದೇ, ಬೆಂಕಿ ಒಂದೇ. ತಣಿದ ವೇಗ ಮಾತ್ರ ಬೇರೆ.

ಕುರುಡು ಕೊಕ್ಕೆಯನ್ನು ಸ್ವತಃ ಮಾಡುವವರು ಇಂದಿಗೂ ಅನುಸರಿಸುವುದು ಇದೇ ಕ್ರಮವನ್ನು. ಉಕ್ಕಿನ ತಂತಿಯನ್ನು ಮೆತ್ತಗಾಗಿಸಿ, ಅರದಿಂದ ಮೊನೆಯನ್ನೂ ದಂಟಿನ ತುದಿಯನ್ನೂ ತೀಡಿ, ಮುಳ್ಳು ಎಬ್ಬಿಸಿ, ಅಚ್ಚಿನ ಸುತ್ತ ಬಾಗಿಸಿ, ಕಾಯಿಸಿ, ಎಣ್ಣೆಗೆ ಅದ್ದಿ, ಹದ ಕೊಟ್ಟು, ಕಪ್ಪು ಬಳಿಯುತ್ತಾರೆ. ಅಷ್ಟು ತಾಳ್ಮೆಯಿಲ್ಲದವರು ಕಣ್ಣುಳ್ಳ ಹೊಸ ಕೊಕ್ಕೆಯ ಕಣ್ಣನ್ನು ಕತ್ತರಿಸಿ ತುದಿಯನ್ನು ತೀಡುತ್ತಾರೆ. ಚೌಕಟ್ಟಿಗೆ ಅದು ಸಾಕು. ಆದರೆ ಹಾಗೆ ತೀಡಿದ್ದನ್ನು ಹಳೆಯದೆಂದು ಹೇಳಿ ಮಾರಿದರೆ ಅದು ಮೋಸ.

ಚೀಟಿ ಹರಿಯಬೇಡಿ

ಹಳೆಯದರ ಮೇಲಿನ ಮೋಹ ದಾರಿ ತಪ್ಪುವುದೂ ಉಂಟು. 2009ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಟ್ರಿಂಗ್ ಊರಿನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಶಾಖೆಯಿಂದ 299 ಹಕ್ಕಿಗಳ ಚರ್ಮಗಳು ಕಳುವಾದವು. ಕದ್ದವನು ಸಾಲ್ಮನ್ ಫ್ಲೈ ಕಟ್ಟುವುದರಲ್ಲಿ ನಿಪುಣನಾದ ಸಂಗೀತ ವಿದ್ಯಾರ್ಥಿ. ಹಳೆಯ ಪುಸ್ತಕಗಳು ಹೇಳುವ ಅಪರೂಪದ ಗರಿಗಳೇ ಅವನ ಗುರಿ. ವಿಕಾಸವಾದದ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಸಂಗ್ರಹಿಸಿದ ಹಕ್ಕಿಗಳೂ ಅವುಗಳಲ್ಲಿದ್ದವು. ಪೊಲೀಸರು ಒಂದಷ್ಟನ್ನು ಹಿಂದಕ್ಕೆ ತಂದರು. ಆದರೆ ಹಲವು ಹಕ್ಕಿಗಳ ಕಾಲಿಗೆ ಕಟ್ಟಿದ್ದ ಚೀಟಿಗಳು ಹೋಗಿದ್ದವು. ಎಲ್ಲಿ, ಯಾವಾಗ, ಯಾರು ಹಿಡಿದದ್ದು ಎಂದು ಬರೆದ ಆ ಚೀಟಿ ಹೋದರೆ ವಿಜ್ಞಾನಿಗೆ ಉಳಿಯುವುದು ಬರೀ ಗರಿ.

ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯೂ ಈ ಕಥೆಯಲ್ಲಿದೆ. ಅದರ ಕತ್ತಿನ ಮೇಲಿನ, ಮೇಣದ ಹನಿ ಬಿದ್ದಂತೆ ಹೊಳೆಯುವ ಗರಿಗಳಿಗೆ ಫ್ಲೈ ಕಟ್ಟುವವರಲ್ಲಿ ದೊಡ್ಡ ಬೇಡಿಕೆಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂದು ಅದಕ್ಕೆ ಕಾವಲಿದೆ. ವಿವೇಕಿಗಳು ಬಣ್ಣ ಹಾಕಿದ ಸಾಕುಕೋಳಿಯ ಗರಿಯಲ್ಲೇ ತೃಪ್ತರಾಗುತ್ತಾರೆ. ಹಳೆಯ ಕೊಕ್ಕೆ ಹುಡುಕಿದರೆ ಯಾವ ಜೀವಕ್ಕೂ ಕೇಡಿಲ್ಲ. ಹಳೆಯ ಗರಿ ಹುಡುಕಿದರೆ ಹಾಗಲ್ಲ.

ಕೊಕ್ಕೆಗೂ ಚೀಟಿಯ ಮಾತು ಸಲ್ಲುತ್ತದೆ. ಹಳೆಯ ಪೊಟ್ಟಣದ ಮೇಲೆ ತಯಾರಕನ ಹೆಸರು, ಬಾಗಿನ ಹೆಸರು, ಅಂಕಿ ಇರುತ್ತವೆ. ಅದನ್ನು ಹರಿದೆಸೆದು ಕೊಕ್ಕೆಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದರೆ ಅವು ಬರೀ ತಂತಿಯ ತುಂಡುಗಳು.

ನಿಮ್ಮ ಮನೆಯ ಅಟ್ಟದಲ್ಲಿ ಗಾಳದ ಕೊಕ್ಕೆ ಇರಲಿಕ್ಕಿಲ್ಲ. ಅಜ್ಜನ ತಕ್ಕಡಿ ಬಟ್ಟು ಇರಬಹುದು, ಅಕ್ಕಸಾಲಿಗನ ಇಕ್ಕಳ ಇರಬಹುದು, ಸೂಜಿಯ ಹಳೆಯ ಪೊಟ್ಟಣವೂ ಇರಬಹುದು. ಈ ಬೇಸಿಗೆ ರಜದಲ್ಲಿ ಒಂದನ್ನು ಕೆಳಗಿಳಿಸಿ. ಅದನ್ನು ಬಳಸಿದ ಹಿರಿಯರು ಇನ್ನೂ ಇದ್ದರೆ ಹೇಗೆ ಬಳಸುತ್ತಿದ್ದರು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಡಿ.

ಹಾಲ್ ಮೇಷ್ಟರು ಕೊಕ್ಕೆಗೆ ಕಣ್ಣು ಮಾಡಿಸಿದ್ದು ಸರಿಯೇ. ಅದರಿಂದ ಸಾವಿರಾರು ಜನರ ಶ್ರಮ ಉಳಿಯಿತು. ಆದರೆ ಕಣ್ಣಿಲ್ಲದ ಕೊಕ್ಕೆಯನ್ನು ಮಾಡುತ್ತಿದ್ದ ಕೈಗಳನ್ನು ಹೊತ್ತಿಗೆ ಸರಿಯಾಗಿ ಕೇಳಿ ಬರೆದಿಟ್ಟವರು ಕಡಿಮೆ. ಇಂದಿನ ಹುಡುಕಾಟಗಾರರು ಒಂದೊಂದು ತಂತಿಯನ್ನೂ ಕಾಯಿಸಿ, ಮುರಿದು, ಮತ್ತೆ ಕಾಯಿಸಿ ಅದನ್ನೆಲ್ಲ ಮೊದಲಿನಿಂದ ಕಲಿಯುತ್ತಿದ್ದಾರೆ.