ಕುತ್ತಿಗೆಯ ಗಂಟು: ಮುಚ್ಚಿಡುವ ಮುನ್ನ ಯೋಚಿಸಿ

ಕುತ್ತಿಗೆಯಲ್ಲಿ ಗಂಟು ಕಂಡರೆ ನಮ್ಮ ಮನಸ್ಸು ಮೊದಲು ಕ್ಷಯದತ್ತ, ಆಮೇಲೆ ಕ್ಯಾನ್ಸರಿನತ್ತ ಓಡುತ್ತದೆ. ತಪ್ಪೇನಲ್ಲ, ಎರಡೂ ನಮ್ಮಲ್ಲಿ ಸಾಮಾನ್ಯ. ಹೊಗೆಸೊಪ್ಪು, ಗುಟ್ಕಾದಿಂದ ಬರುವ ಬಾಯಿಯ ಕ್ಯಾನ್ಸರನ್ನು ಪತ್ತೆಹಚ್ಚಲು ವಂಶವಾಹಿ ಪರೀಕ್ಷೆ ಬೇಕಿಲ್ಲ. ಆದರೆ ಕೆಲವು ಅಪರೂಪದ ಗಡ್ಡೆಗಳ ವಿಷಯವೇ ಬೇರೆ.

ಅಂಥದ್ದೊಂದು ಪ್ಯಾರಾಗ್ಯಾಂಗ್ಲಿಯೋಮ. ಮಿದುಳಿಗೆ ರಕ್ತ ಒಯ್ಯುವ ಧಮನಿ ದವಡೆಯ ಕೆಳಗೆ ಕವಲೊಡೆಯುವಲ್ಲಿ ಇದು ಬೆಳೆಯುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಅಕ್ಕಪಕ್ಕಕ್ಕೆ ಸರಿಯುತ್ತದೆ, ಮೇಲೆ ಕೆಳಗೆ ಸರಿಯದು. ಮುಟ್ಟಿದರೆ ಕೆಲವೊಮ್ಮೆ ನಾಡಿಯಂತೆ ಮಿಡಿಯುತ್ತದೆ. ಗಡ್ಡೆಯ ತುಂಬ ರಕ್ತನಾಳಗಳಿರುವುದರಿಂದ, ಸ್ಕ್ಯಾನ್ ಮಾಡದೆ ಪರೀಕ್ಷೆಗೆಂದು ತುಂಡು ತೆಗೆದರೆ ವಿಪರೀತ ರಕ್ತಸ್ರಾವ ಆದೀತು.

ಈ ಗಡ್ಡೆ ಬಂದ ಹತ್ತು ಮಂದಿಯಲ್ಲಿ ಸುಮಾರು ಮೂರು ನಾಲ್ಕು ಮಂದಿಗೆ ಹುಟ್ಟಿನಿಂದಲೇ ಬಂದ ವಂಶವಾಹಿ ದೋಷವಿರುತ್ತದೆ. ದೋಷವುಳ್ಳವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. 2000ದಲ್ಲಿ ಪತ್ತೆಯಾದ ಎಸ್‌ಡಿಎಚ್‌ಡಿ ವಂಶವಾಹಿಯ ನಡೆ ವಿಚಿತ್ರ. ದೋಷ ತಂದೆಯಿಂದ ಬಂದರೆ ಗಡ್ಡೆ ಬೆಳೆಯುವ ಸಂಭವ ಹೆಚ್ಚು. ತಾಯಿಯಿಂದ ಬಂದರೆ ಬಹುಮಟ್ಟಿಗೆ ಬೆಳೆಯದು. ಆದರೆ ತಾಯಿಯಿಂದ ದೋಷ ಪಡೆದ ಮಗ ಆರೋಗ್ಯವಾಗಿದ್ದರೂ, ಅವನ ಮಕ್ಕಳಲ್ಲಿ ಕಾಯಿಲೆ ತಲೆಯೆತ್ತಬಹುದು. ಆದ್ದರಿಂದ 'ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ' ಎಂಬ ಮಾತನ್ನು ನೆಚ್ಚಿ ಕೂರುವಂತಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನ ಇಂಥ ಕಾಯಿಲೆಗೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ಮೇಲೆ ವಿಷಯ ಅಲ್ಲಿಗೇ ಮುಗಿಯಿತೆಂದು ಭಾವಿಸುವುದುಂಟು. ವಂಶದ ದೋಷವೆಂದು ಗೊತ್ತಾದರೆ ಮಕ್ಕಳ ಮದುವೆ ಸಂಬಂಧ ತಪ್ಪೀತೆಂಬ ಅಂಜಿಕೆ ಬೇರೆ. ಅಂಜಿಕೆ ಸಹಜವೇ. ಆದರೆ ಮುಚ್ಚಿಟ್ಟರೆ ನಷ್ಟ ಆ ಮಕ್ಕಳಿಗೇ. ಮನೆಯಲ್ಲಿರುವ ದೋಷ ಯಾವುದೆಂದು ತಿಳಿದ ಮೇಲೆ, ಅದು ತನ್ನಲ್ಲಿಲ್ಲವೆಂದು ಗೊತ್ತಾದ ಮಗ ಅಥವಾ ಮಗಳು ಜೀವನಪೂರ್ತಿ ನಿಶ್ಚಿಂತರು. ಇದೆಯೆಂದು ಗೊತ್ತಾದವರು ನಿಯಮಿತವಾಗಿ ಸ್ಕ್ಯಾನ್ ಮಾಡಿಸಿಕೊಂಡರೆ ಗಡ್ಡೆ ಚಿಕ್ಕದಿರುವಾಗಲೇ ಸಿಗುತ್ತದೆ. ದನಿಗೆ, ನುಂಗುವುದಕ್ಕೆ ಬೇಕಾದ ನರಗಳನ್ನು ಉಳಿಸಿಕೊಳ್ಳುವುದು ಆಗ ಸುಲಭ.

ಈ ಪರೀಕ್ಷೆಗೆ ಮನೆಮಂದಿಯೆಲ್ಲ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ರಕ್ತದ ಮಾದರಿ ಪ್ರಯಾಣ ಮಾಡಿದರೆ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ತೆಗೆದು ಕಳುಹಿಸುವ ಏರ್ಪಾಡಾಗಬೇಕು, ವೆಚ್ಚವನ್ನು ಸರ್ಕಾರವೇ ಭರಿಸಬೇಕು, ಫಲಿತಾಂಶ ಗುಟ್ಟಾಗಿರಬೇಕು. ಅಪರೂಪದ ಕಾಯಿಲೆ ಎಂಬುದು ಕೈಬಿಡಲು ಕಾರಣವಾಗಬಾರದು.

ಮೂರು ವಾರವಾದರೂ ಕರಗದ ಗಂಟಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ಅದು ಪ್ಯಾರಾಗ್ಯಾಂಗ್ಲಿಯೋಮ ಎಂದು ಅವರು ಹೇಳಿದರೆ, 'ನನ್ನ ಮಕ್ಕಳಿಗೂ ಪರೀಕ್ಷೆ ಬೇಕೇ?' ಎಂದು ಕೇಳಲು ಮರೆಯದಿರಿ.