ಬಣ್ಣ ಬದಲಾದರೂ ನಂಬರ್ ಬದಲಾಗದು

ಒಂದು ಮ್ಯೂಸಿಯಂ ಮುಚ್ಚಿದರೆ ಅದರೊಳಗಿನ ಸಾಮಾನು ಎಲ್ಲಿಗೆ ಹೋಗುತ್ತದೆ? ನಾಣ್ಯ, ತಾಳೆಗರಿಗಳಾದರೆ ಪೆಟ್ಟಿಗೆಗೆ ತುಂಬಿ ಇನ್ನೊಂದು ಕಡೆ ಸಾಗಿಸಬಹುದು. ಆದರೆ ನಾಲ್ಕು ಎಂಜಿನ್ನಿನ, ರೆಕ್ಕೆಯ ಈ ತುದಿಯಿಂದ ಆ ತುದಿಗೆ 33 ಮೀಟರಿಗೂ ಹೆಚ್ಚು ಅಗಲವಿರುವ ಬಾಂಬರ್ ವಿಮಾನವನ್ನು ಯಾವ ಪೆಟ್ಟಿಗೆಗೆ ತುಂಬುತ್ತೀರಿ? ಕಳೆದ ಕೆಲವು ತಿಂಗಳಿಂದ ನನ್ನ ಶನಿವಾರಗಳು ಇಂಥದೊಂದು ವಿಮಾನದ ಜಾಡು ಹಿಡಿಯುವುದರಲ್ಲೇ ಕಳೆದುಹೋಗಿವೆ. ಮನೆಯವರು ನಗುತ್ತಾರೆ. ನಗಲಿ.

ಮುಚ್ಚಿಹೋದ ಆ ಮ್ಯೂಸಿಯಂ ಇದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಚೀನೋ ಊರಿನ ವಿಮಾನ ನಿಲ್ದಾಣದಲ್ಲಿ. ಹೆಸರು ‘ಯೆಸ್ಟರ್‌ಡೇಸ್ ಏರ್ ಫೋರ್ಸ್’, ಅಂದರೆ ನಿನ್ನೆಯ ವಾಯುಪಡೆ. ಕಟ್ಟಿದವರು ಡೇವಿಡ್ ಟ್ಯಾಲಿಶೆ. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರಿನ ಸಹ ಪೈಲಟ್ ಆಗಿದ್ದವರು, ಆಮೇಲೆ ಹೋಟೆಲ್ ಉದ್ಯಮಕ್ಕೆ ಇಳಿದರು. ವಿಮಾನ ನಿಲ್ದಾಣಗಳ ಪಕ್ಕದಲ್ಲೇ ರೆಸ್ಟೋರೆಂಟ್ ತೆರೆದು, ಊಟ ಮಾಡುತ್ತಾ ವಿಮಾನ ಇಳಿಯುವುದನ್ನು ನೋಡುವ ಸುಖವನ್ನು ಜನರಿಗೆ ಮಾರಿದರು. ಬಂದ ಲಾಭವನ್ನು ಹಳೆಯ ಯುದ್ಧವಿಮಾನಗಳಿಗೆ ಸುರಿದರು. ಕೆನಡಾದ ಕಾಡುಕಣಿವೆಯೊಂದರಲ್ಲಿ ಯುದ್ಧಕಾಲದಿಂದ ಬಿದ್ದಿದ್ದ ಮೂರು ಬಿ-26 ವಿಮಾನಗಳನ್ನು 1971ರಲ್ಲಿ ಹೊರಗೆ ತರಿಸಿದ್ದು ಇವರೇ. ಒಂದು ಕಾಲಕ್ಕೆ ಅವರ ಬಳಿ ನೂರಕ್ಕೂ ಹೆಚ್ಚು ವಿಮಾನಗಳಿದ್ದವು. ಅಷ್ಟನ್ನು ರಿಪೇರಿ ಮಾಡಿ ನಿಲ್ಲಿಸಿಕೊಳ್ಳುವುದು ಒಬ್ಬ ಮನುಷ್ಯನ ಜೇಬಿನಿಂದ ಆಗುವ ಕೆಲಸವಲ್ಲ. ವಿಮಾನಗಳು ಒಂದೊಂದಾಗಿ ಕೈ ಬದಲಿಸಿದವು. 2007ರಲ್ಲಿ ಟ್ಯಾಲಿಶೆ ತೀರಿಕೊಂಡರು. ಆ ಹೆಸರಿನ ಮ್ಯೂಸಿಯಂ ಇವತ್ತು ಇಲ್ಲ.

ಇಂಥ ವಿಮಾನವನ್ನು ಹುಡುಕುವಾಗ ಬಣ್ಣವನ್ನು ನಂಬಬಾರದು. ಮೂಗಿನ ಮೇಲೆ ಬರೆದ ಹೆಸರನ್ನಂತೂ ನಂಬಲೇಬಾರದು. ಹೊಸ ಮಾಲೀಕ ಬಂದಾಗಲೆಲ್ಲ ಅವೆರಡೂ ಬದಲಾಗುತ್ತವೆ. ಬದಲಾಗದೆ ಉಳಿಯುವುದು ತಯಾರಾದಾಗ ಸಿಕ್ಕ ಸೀರಿಯಲ್ ನಂಬರ್. ಡೇಟಾಬೇಸ್ ಕೆಲಸ ಮಾಡುವವರಿಗೆ ಹೇಳುವುದಾದರೆ ಅದೇ ಪ್ರೈಮರಿ ಕೀ, ಉಳಿದದ್ದೆಲ್ಲ ಅಪ್‌ಡೇಟ್ ಆಗುವ ಕಾಲಂಗಳು. ನಾನು ಬೆನ್ನು ಹತ್ತಿದ್ದು 44-44272 ಎಂಬ ನಂಬರನ್ನು. ಮೊದಲ 44 ಎಂದರೆ 1944ರ ಲೆಕ್ಕದ ಆರ್ಡರ್. ವಿಮಾನ ಬಿ-24 ಲಿಬರೇಟರ್. ಟ್ಯಾಲಿಶೆಯವರ ಕೈಗೆ ಬಂದಾಗ ಅದಕ್ಕೆ ಸಿಕ್ಕ ಅಮೆರಿಕದ ನೋಂದಣಿ ಎನ್94459. ಬಂದದ್ದು ಎಲ್ಲಿಂದ? ಭಾರತದಿಂದ!

ಇಲ್ಲಿಂದ ಕತೆ ನಮ್ಮ ಕಡೆ ತಿರುಗುತ್ತದೆ. ಯುದ್ಧಕಾಲದಲ್ಲಿ ಅಮೆರಿಕ ಬ್ರಿಟನ್ನಿಗೆ ಲಿಬರೇಟರ್‌ಗಳನ್ನು ಕಡವಾಗಿ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು, ಇಲ್ಲವೇ ನಾಶ ಮಾಡಬೇಕು ಎಂಬುದು ಕರಾರು. ಕಾನ್ಪುರದಲ್ಲಿ ಸಾಲಾಗಿ ನಿಂತಿದ್ದ ವಿಮಾನಗಳ ಎಂಜಿನ್ನಿಗೆ ಮರಳು ಸುರಿದು, ಮೈಗೆ ತೂತು ಹೊಡೆದು, ಇನ್ನು ಇವು ಯಾರಿಗೂ ಉಪಯೋಗಕ್ಕಿಲ್ಲ ಎಂದು ಬ್ರಿಟಿಷರು ಹೊರಟುಹೋದರು.

ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಇವನ್ನೇ ರಿಪೇರಿ ಮಾಡುತ್ತೇವೆ ಎಂದು ಮುಂದೆ ಬಂದದ್ದು ಬೆಂಗಳೂರಿನ ಎಚ್‌ಎಎಲ್. ಅದು ಬರೀ ಭಂಡಧೈರ್ಯವಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಶುರು ಮಾಡಿದ ಕಾರ್ಖಾನೆಯನ್ನು ಯುದ್ಧದ ನಡುವೆ ಅಮೆರಿಕದ ಸೇನೆ ತನ್ನ ವಿಮಾನಗಳ ರಿಪೇರಿಗೆ ಬಳಸಿಕೊಂಡಿತ್ತು. ಲಿಬರೇಟರಿನ ನಟ್ಟುಬೋಲ್ಟು ನಮ್ಮ ಕೆಲಸಗಾರರ ಕೈಗೆ ಆಗಲೇ ಪಳಗಿತ್ತು. ಕಾನ್ಪುರಕ್ಕೆ ಹೋದ ತಂಡ ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟರ ಮಟ್ಟಿಗೆ ಸರಿ ಮಾಡಿತು. ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಪೈಲಟ್ ಜಮ್‌ಶೆಡ್ ಮುನ್ಷಿ. ಹೀಗೆ ಸುಮಾರು 40 ವಿಮಾನಗಳು ಬಂದವು. ಪೂರ್ತಿ ಓವರ್‌ಹಾಲ್ ಆದದ್ದು ಬೆಂಗಳೂರಿನ ಶೆಡ್ಡುಗಳಲ್ಲಿ. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಹುಟ್ಟಿತು. 1951ರಲ್ಲಿ 6ನೇ ಸ್ಕ್ವಾಡ್ರನ್ ಪುಣೆಯಲ್ಲಿ ಇದೇ ವಿಮಾನಗಳೊಂದಿಗೆ ಮತ್ತೆ ಶುರುವಾಗಿ ಸಮುದ್ರದ ಮೇಲೆ ಕಣ್ಣಿಡುವ ಕೆಲಸ ಮಾಡಿತು. ಪುಣೆಯ ಓದುಗರೇ, ನಾವು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ವಿಮಾನ ನಗರದ ಪಕ್ಕದ ಲೋಹಗಾಂವ್‌ನಲ್ಲಿ, 1968ರವರೆಗೂ, ಬೆಂಗಳೂರಿನ ಕೈಗಳು ಬದುಕಿಸಿದ ಲಿಬರೇಟರ್‌ಗಳಿದ್ದವು.

ಒಟ್ಟು 18,000ಕ್ಕೂ ಹೆಚ್ಚು ಲಿಬರೇಟರ್ ತಯಾರಾಗಿದ್ದವು. ಯುದ್ಧ ಮುಗಿದಾಗ ಅಮೆರಿಕ ತನ್ನವನ್ನು ಗುಜರಿಗೆ ಹಾಕಿ ಕರಗಿಸಿತು. ಹಾಗಾಗಿ 1968ರಲ್ಲಿ ನಾವು ಬೇಡವೆಂದಾಗ ಲೋಕವೆಲ್ಲ ಭಾರತದ ಬಾಗಿಲಿಗೆ ಬಂತು. ಕೆನಡಾ ಒಂದು ಲೈಸ್ಯಾಂಡರ್ ವಿಮಾನ ಕೊಟ್ಟು ಒಂದು ಲಿಬರೇಟರ್ ಒಯ್ದಿತು. ಆ ಲೈಸ್ಯಾಂಡರ್ ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿದೆ. 1969ರಲ್ಲಿ ಇನ್ನೊಂದು ಪುಣೆಯಿಂದ ಅರಿಜೋನಾಕ್ಕೆ ಹಾರಿ ಪೀಮಾ ಮ್ಯೂಸಿಯಂ ಸೇರಿತು. 1974ರಲ್ಲಿ ಮತ್ತೊಂದನ್ನು ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂಗೆ ಕೊಟ್ಟೆವು. 44-44052 ಎಂಬುದು ಇಂಗ್ಲೆಂಡಿನ ಸಂಗ್ರಾಹಕರೊಬ್ಬರ ಮೂಲಕ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಸೇರಿ, 1989ರಲ್ಲಿ ಮತ್ತೆ ಹಾರಿತು. ನಮಗೆಂದು ಉಳಿದದ್ದು ಪಾಲಂನಲ್ಲಿರುವ ಒಂದೇ ಒಂದು.

ನನ್ನ 44-44272? ಅದು ಟ್ಯಾಲಿಶೆಯವರಿಂದ ಕೆರ್ಮಿಟ್ ವೀಕ್ಸ್ ಎಂಬ ಇನ್ನೊಬ್ಬ ವಿಮಾನಪ್ರೇಮಿಗೆ ದಾಟಿ, ಫ್ಲಾರಿಡಾದಲ್ಲಿ 1995ರಲ್ಲಿ ತೆರೆದ ‘ಫ್ಯಾಂಟಸಿ ಆಫ್ ಫ್ಲೈಟ್’ ಸೇರಿತು. 2014ರಲ್ಲಿ ಅದೂ ಜನರಿಗೆ ಬಾಗಿಲು ಹಾಕಿತು. ಆಮೇಲೆ ಸಣ್ಣ ಪ್ರಮಾಣದಲ್ಲಷ್ಟೇ ತೆರೆಯಿತು. ಎರಡು ಮ್ಯೂಸಿಯಂಗಳ ಮುಚ್ಚುವಿಕೆಯನ್ನು ಕಂಡರೂ ವಿಮಾನ ಉಳಿದಿದೆ.

ಉಳಿಯದೇ ಹೋಗುತ್ತಿರುವುದು ಬೇರೆ. ಹೊರಗೆ ಹೋದ ಈ ಲಿಬರೇಟರ್‌ಗಳಿಗೆ ಆಯಾ ದೇಶದವರು ತಮ್ಮ ಬಣ್ಣ ಬಳಿದುಕೊಂಡರು. ಪೀಮಾದ್ದಕ್ಕೆ ‘ಬಂಗೇ ಬಕರೂ’ ಎಂಬ ಅಮೆರಿಕನ್ ಹೆಸರು, ಕಾಲಿಂಗ್ಸ್‌ನದಕ್ಕೆ ‘ವಿಚ್‌ಕ್ರಾಫ್ಟ್’. ಅವರದು ತಪ್ಪಲ್ಲ, ಅವರಿಗೆ ಅವರ ಹುಡುಗರ ನೆನಪು ಮುಖ್ಯ. ಆದರೆ ಯುದ್ಧದಲ್ಲಿ ಹಾರಿದ್ದು ತಿಂಗಳುಗಳ ಲೆಕ್ಕ, ಭಾರತದಲ್ಲಿ ಹಾರಿದ್ದು ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷ ಬಣ್ಣದಡಿಗೆ ಹೋಗಿದೆ. ಮರಳು ತುಂಬಿದ ಎಂಜಿನ್ನನ್ನು ಬಿಚ್ಚಿ ತೊಳೆದ ಫಿಟ್ಟರ್, ತೂತಿಗೆ ತಗಡು ಹೊಡೆದ ರಿವೆಟ್ ಕೆಲಸಗಾರ, ಇವರ ಹೆಸರು ಯಾವ ಮ್ಯೂಸಿಯಂನ ಫಲಕದಲ್ಲಿ ಬರಬೇಕು? ಅದನ್ನು ಅರಿಜೋನಾದವರು ಬರೆಯಲಾರರು. ನಾವೇ ಬರೆದು ಕೊಡಬೇಕು.

ಈ ಪತ್ರಿಕೆ ಓದುವವರಲ್ಲಿ ಎಚ್‌ಎಎಲ್ ಕ್ವಾರ್ಟರ್ಸಿನಲ್ಲಿ ಬೆಳೆದವರ ಮಕ್ಕಳು, ಮೊಮ್ಮಕ್ಕಳು ಇದ್ದೇ ಇರುತ್ತೀರಿ. ಈ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿ. ನಾಲ್ಕು ಎಂಜಿನ್, ಬಾಲದಲ್ಲಿ ಮೊಟ್ಟೆಯಾಕಾರದ ಎರಡು ರೆಕ್ಕೆ ಇರುವ ವಿಮಾನದ ಮುಂದೆ ನಿಂತ ಅಜ್ಜನ ಫೋಟೋ ಸಿಕ್ಕರೆ, ಹಿಂದೆ ಪೆನ್ಸಿಲ್ಲಿನಲ್ಲಿ ಅವರ ಹೆಸರು, ಕೆಲಸ, ಇಸವಿ ಬರೆದಿಡಿ. ವಿಮಾನದ ಮೈಮೇಲೆ ‘ಎಚ್‌ಇ’ ಎಂದು ಶುರುವಾಗುವ ನಂಬರ್ ಕಂಡರೆ ಅದನ್ನೂ ಬರೆದು ಪತ್ರಿಕೆಗೆ ಕಳಿಸಿ. ಆ ನಂಬರಿನ ವಿಮಾನ ಈಗ ಎಲ್ಲಿದೆ ಎಂದು ಹುಡುಕುವ ಕೆಲಸ ನನಗಿರಲಿ.